ನಂದಿ ಬೆಟ್ಟಕ್ಕೆ ಸೈಕಲ್: ಮೊದಲ ಎರಡು ಕಿ.ಮೀ. ನಿಧಾನ!

ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ದಾರಿಯಲ್ಲಿ ಹೊಸಬರನ್ನು ಗುರುತಿಸುವುದು ಸುಲಭ. ಮೊದಲ ತಿರುವಿಗೇ ಎಲ್ಲರನ್ನೂ ಹಿಂದೆ ಹಾಕಿದವರು ಮೂರನೇ ಕಿಲೋಮೀಟರಿನಲ್ಲಿ ತಡೆಗೋಡೆ ಮೇಲೆ ಕೂತು ಏದುಸಿರು ಬಿಡುತ್ತಿರುತ್ತಾರೆ. ದಾರಿ ಏಳೆಂಟು ಕಿ.ಮೀ.; ಏರು ಸರಾಸರಿ ಶೇ 5–6, ತುದಿ ಹತ್ತಿರವಾದಂತೆ ಇನ್ನೂ ಕಡಿದು. ವಾರವಾರವೂ ಹೀಗೇ ಹೋಗಿ ಸುಸ್ತಾಗಿ ಬಂದರೆ ಏರುವ ಶಕ್ತಿ ಬೆಳೆಯುವುದಿಲ್ಲ. ಅದು ಬೆಳೆಯುವುದು ವಾರದ ನಡುವೆ, ಸಪಾಟು ರಸ್ತೆಯಲ್ಲಿ. ಎಂಟು ಒಂಬತ್ತು ವಾರ ಕೊಡಿ.

1. ಗೇರಿನ ಹಲ್ಲು ಎಣಿಸಿ

ಮುಂದಿನ ಚಿಕ್ಕ ಚೈನ್‌ರಿಂಗ್‌ನಲ್ಲಿ (ಪೆಡಲ್ ಪಕ್ಕದ ಹಲ್ಲುಚಕ್ರ) ಎಷ್ಟು ಹಲ್ಲು, ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲಾದ ಕ್ಯಾಸೆಟ್‌ನ ದೊಡ್ಡ ಚಕ್ರದಲ್ಲಿ ಎಷ್ಟು, ನೋಡಿ. ಮುಂದೆ 34, ಹಿಂದೆ 25 ಇದ್ದು ಗಂಟೆಗೆ 8 ಕಿ.ಮೀ. ವೇಗದಲ್ಲಿ ಹತ್ತಿದರೆ ಪೆಡಲ್ ನಿಮಿಷಕ್ಕೆ 47 ಸುತ್ತು ಮಾತ್ರ ತಿರುಗುತ್ತದೆ. ಹಿಂದೆಯೂ 34 ಇದ್ದರೆ ಅದೇ ವೇಗಕ್ಕೆ 63 ಸುತ್ತು. ಒಟ್ಟು ಶ್ರಮ ಎರಡರಲ್ಲೂ ಒಂದೇ, ಆದರೆ 47ರಲ್ಲಿ ಒಂದೊಂದು ತುಳಿತವೂ ಭಾರ, ಮಂಡಿ ಬೇಗ ನೋಯುತ್ತದೆ. ಹೊಸಬರಿಗೆ 11–32 ಅಥವಾ 11–34 ಕ್ಯಾಸೆಟ್ಟೇ (ಚಿಕ್ಕ ಚಕ್ರಕ್ಕೆ 11 ಹಲ್ಲು, ದೊಡ್ಡದಕ್ಕೆ 32 ಅಥವಾ 34) ಸರಿ. ‘ಅಷ್ಟು ಹಗುರ ಗೇರು ಯಾಕೆ’ ಎಂದು ನಗುವವರ ಮಾತಿಗೆ ಕಿವಿಗೊಡಬೇಡಿ.

ಕ್ಯಾಸೆಟ್ ಕೊಳ್ಳುವ ಮುನ್ನ ಹಿಂದಿನ ಡಿರೇಲರ್ (ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಎಷ್ಟು ಹಲ್ಲಿನವರೆಗೆ ತಡೆಯುತ್ತದೆ ಎಂದು ತಿಳಿದುಕೊಳ್ಳಿ. ಉದಾಹರಣೆಗೆ, ಶಿಮಾನೊ ಕಂಪನಿಯ 105 ಆರ್7000 ಗೇರ್ ಸರಣಿಯಲ್ಲಿ ಗಿಡ್ಡ ಕೇಜ್ (ಡಿರೇಲರ್‌ನಲ್ಲಿ ಚೈನನ್ನು ಬಿಗಿಹಿಡಿಯುವ ತೋಳು) 30ರವರೆಗೆ, ಉದ್ದ ಕೇಜ್ 34ರವರೆಗೆ. ದೊಡ್ಡ ಕ್ಯಾಸೆಟ್ ಹಾಕಿ ಹಳೆಯ ಚೈನನ್ನೇ ಉಳಿಸಿದರೆ, ಎರಡೂ ಕಡೆ ದೊಡ್ಡ ಚಕ್ರಕ್ಕೆ ಬದಲಿಸಿದ ದಿನ ಚೈನ್ ಬಿಗಿದು ಡಿರೇಲರ್ ಮುರಿಯಬಹುದು. ಅಂಗಡಿಯವರು ಮರೆತರೂ ನೀವು ಕೇಳಿ.

ಹಗುರ ಕಾರ್ಬನ್ ಚಕ್ರಕ್ಕೆ ಸದ್ಯ ದುಡ್ಡು ಹಾಕಬೇಡಿ. ಸವಾರ, ಸೈಕಲ್ ಸೇರಿ 85 ಕೆ.ಜಿ. ಇದ್ದು ಒಂದು ಕೆ.ಜಿ. ಇಳಿದರೆ, 40 ನಿಮಿಷದ ಏರಿನಲ್ಲಿ ಉಳಿಯುವುದು ಸುಮಾರು 28 ಸೆಕೆಂಡ್. ಎತ್ತರದ ಪ್ರದೇಶದ ಅಭ್ಯಾಸ ಕೊಡುತ್ತೇವೆಂದು ಮಾರುವ ಮಾಸ್ಕ್‌ಗಳಂತೂ ಬರೀ ಉಸಿರಿಗೆ ಅಡ್ಡಿ.

2. ಮೂರು ವಾರ ಸುಲಭದ ಸವಾರಿ

ವಾರಕ್ಕೆ ಮೂರು ದಿನ, ಒಂದರಿಂದ ಒಂದೂವರೆ ಗಂಟೆ, ಪಕ್ಕದವರ ಜೊತೆ ಹರಟುತ್ತಾ ಹೋಗುವಷ್ಟು ಆರಾಮಾಗಿ.

3. ಕಷ್ಟಕ್ಕೆ ಸ್ವಲ್ಪ ಕೆಳಗೆ

ಹೆಚ್ಚಿನವರು ಎಡವುವುದು ಇಲ್ಲೇ. ನಾಲ್ಕನೇ ವಾರದಿಂದ ಮೂರರಲ್ಲಿ ಎರಡು ದಿನ, ಅದೂ ಬೆನ್ನುಬೆನ್ನಿಗೆ ಬರದಂತೆ, ‘ಗಟ್ಟಿ ಸವಾರಿ’ ಇರಲಿ. ಮೊದಲು 15 ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ 8 ನಿಮಿಷ ಗಟ್ಟಿಯಾಗಿ, 4 ನಿಮಿಷ ಹಗುರಾಗಿ. ಹೀಗೆ ಮೂರು ಸಲ. ಐದನೇ ವಾರ 10 ನಿಮಿಷದ್ದು ಮೂರು, ಆರನೇ ವಾರ 12ರದ್ದು ಮೂರು. ಏಳನೇ ವಾರ ಬರೀ ಆರಾಮು, ಇದನ್ನು ಬಿಡಬೇಡಿ. ಎಂಟು, ಒಂಬತ್ತರಲ್ಲಿ 20 ನಿಮಿಷದ್ದು ಎರಡು.

‘ಗಟ್ಟಿ’ ಎಂದರೆ ಎಷ್ಟು? ಮೂರು ನಾಲ್ಕು ಪದ ಹೇಳಿ ಉಸಿರು ಎಳೆದುಕೊಳ್ಳುವಂತಿದ್ದರೆ ಸರಿ. ಪೂರ್ತಿ ವಾಕ್ಯ ಬರುತ್ತಿದ್ದರೆ ಕಡಿಮೆ. ‘ಹ್ಞೂಂ’ ಬಿಟ್ಟು ಬೇರೇನೂ ಹೊರಡದಿದ್ದರೆ ಜಾಸ್ತಿ. ಎದೆಬಡಿತ ಅಳೆಯುವ ಪಟ್ಟಿ ಇದ್ದವರು ಒಮ್ಮೆ ಒಬ್ಬರೇ 30 ನಿಮಿಷ, ಕೊನೆಯವರೆಗೂ ತಡೆಯುವಷ್ಟು ಜೋರಾಗಿ ತುಳಿದು, ಕೊನೆಯ 20 ನಿಮಿಷದ ಸರಾಸರಿ ಬರೆದಿಟ್ಟುಕೊಳ್ಳಲಿ. ಅದರ ಶೇ 90ರಿಂದ 95ರೊಳಗೆ ಈ ಅಭ್ಯಾಸ. ಸರಾಸರಿ 170 ಬಂದಿದ್ದರೆ 153ರಿಂದ 161.

ಎದೆಬಡಿತ ಕಾಲಿಗಿಂತ ಒಂದೆರಡು ನಿಮಿಷ ಹಿಂದೆ ಬರುತ್ತದೆ. ಶುರುವಿನಲ್ಲಿ 135 ಕಂಡು ‘ಸಾಲದು’ ಎಂದು ಜೋರು ಮಾಡಿದವರದು ನಾಲ್ಕನೇ ನಿಮಿಷಕ್ಕೆ 170 ದಾಟಿರುತ್ತದೆ, ಮಿಕ್ಕ ಅಭ್ಯಾಸವೆಲ್ಲ ಹಾಳು. ಮೊದಲ ಮೂರು ನಿಮಿಷ ಉಸಿರನ್ನು ನಂಬಿ, ಆಮೇಲೆ ಪರದೆ ನೋಡಿ. ಮೊದಲ ಸರದಿ ‘ಇಷ್ಟೇನಾ’ ಅನ್ನಿಸಬೇಕು. ಮೂರನೆಯದರಲ್ಲಿ ಬಡಿತ ಐದಾರು ಹೆಚ್ಚಿದರೆ ಸಹಜ. ಬಡಿತ ಏರಿ ವೇಗವೂ ಇಳಿದರೆ ಮೊದಲನೆಯದನ್ನು ಜೋರಾಗಿ ಮಾಡಿದ್ದೀರಿ ಎಂದೇ ಅರ್ಥ. (ಗಾಳಿ ಎದುರಿದ್ದ ದಿನ ವೇಗದ ಲೆಕ್ಕ ಬಿಡಿ.)

ಜಾಗ: ಸಿಗ್ನಲ್, ಹಂಪ್ ಇಲ್ಲದ ಉದ್ದ ರಸ್ತೆ, ಇಲ್ಲವೇ ಮನೆಯಲ್ಲಿ ಟ್ರೇನರ್ (ಸೈಕಲನ್ನು ನಿಂತಲ್ಲೇ ತುಳಿಯಲು ಕೂರಿಸುವ ಸ್ಟ್ಯಾಂಡ್). ಫ್ಲೈಓವರ್ ಹತ್ತಿ ಇಳಿಯುವ ಅಡ್ಡದಾರಿ ಬೇಡ. ಏರು ಒಂದು ನಿಮಿಷಕ್ಕೇ ಮುಗಿಯುತ್ತದೆ, ಮೇಲೆ ವಾಹನಗಳ ಕಾಟ. ಗುಂಪಿನಲ್ಲೂ ಬೇಡ, ಯಾರೋ ಮುಂದೆ ಹೋದರೆ ಕಾಲು ಸುಮ್ಮನಿರುವುದಿಲ್ಲ. ಭಾರದ ಗೇರಿನಲ್ಲಿ ನಿಧಾನ ತುಳಿಯುವ ಕಸರತ್ತಿಗೆ ಮೊದಲ ಆರು ವಾರ ಕೈ ಹಾಕಬೇಡಿ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತೀರಾ ಕೆಳಗಿದೆಯೇ ಎಂದು ಮೊದಲು ನೋಡಿ.

4. ಬೆಟ್ಟದ ಮೇಲೆ

ಏರು ಶುರುವಾಗುವ ಮುನ್ನವೇ ಮುಂದಿನ ಚಿಕ್ಕ ರಿಂಗ್‌ಗೆ ಬನ್ನಿ. ಕಡಿದಾದ ಜಾಗದಲ್ಲಿ ಬಲವಾಗಿ ತುಳಿಯುತ್ತಲೇ ಬದಲಿಸಿದರೆ ಚೈನ್ ಕಳಚುತ್ತದೆ, ಕ್ಲೀಟ್ (ಶೂವನ್ನು ಪೆಡಲ್‌ಗೆ ಸಿಕ್ಕಿಸುವ ಕೊಂಡಿ) ಬಿಡಿಸುವಷ್ಟರಲ್ಲಿ ಬಿದ್ದಿರುತ್ತೀರಿ. ಹಿಂದಿನ ಗೇರಿಗೂ ಅಷ್ಟೆ: ಅರ್ಧ ಸುತ್ತು ಕಾಲು ಸಡಿಲಿಸಿ, ಬದಲಿಸಿ, ಮತ್ತೆ ತುಳಿಯಿರಿ.

ಎಡಕ್ಕೆ ಹೊರಳುವ ಹೇರ್‌ಪಿನ್‌ಗಳಲ್ಲಿ ಎಚ್ಚರ. ನಾವು ರಸ್ತೆಯ ಎಡಬದಿಯಲ್ಲಿ ಹೋಗುವವರಾದ್ದರಿಂದ ಅಲ್ಲಿ ನಮ್ಮ ಪಾಲಿಗೆ ಬರುವುದು ಒಳಸುತ್ತು, ಅದೇ ಹೆಚ್ಚು ಕಡಿದು. ತಿರುವಿಗೆ ಮೊದಲೇ ಒಂದು ಗೇರು ಹಗುರ ಮಾಡಿ. ಬಲ ತಿರುವಿನಲ್ಲಿ ಹೊರಸುತ್ತು ಸಿಗುತ್ತದೆ, ಅಲ್ಲಿ ಉಸಿರು ತೆಗೆದುಕೊಳ್ಳಿ. ಏರು ತಗ್ಗಿಸಲೆಂದು ಎದುರು ಬದಿಗೆ ದಾಟಬೇಡಿ. ಇಳಿದು ಬರುವ ಕಾರು ತಿರುವಿನಲ್ಲಿ ಕಾಣದು.

ನಿಂತು ತುಳಿಯುವುದಿದ್ದರೆ ಮೊದಲು ಒಂದು ಗೇರು ಭಾರ ಮಾಡಿ, ಪೆಡಲ್ ಮೇಲಿಂದ ಕೆಳಗಿಳಿಯುವಾಗ ಏಳಿ. ದಿಢೀರನೆ ಎದ್ದರೆ ಸೈಕಲ್ ಒಂದು ಗೇಣು ಹಿಂದೆ ಸರಿದು ಹಿಂದಿನವರ ಚಕ್ರಕ್ಕೆ ತಾಗುತ್ತದೆ.

ಮೊದಲ ಎರಡು ಕಿ.ಮೀ. ಪೂರ್ತಿ ವಾಕ್ಯ ಆಡುವಂತಿರಲಿ. ಆಮೇಲಷ್ಟೇ ಮೂರು ನಾಲ್ಕು ಪದದ ಮಟ್ಟ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಕುಡಿಯಿರಿ, ಹೊರಡುವ ಮುನ್ನ ಒಂದು ಬಾಳೆಹಣ್ಣು ಸಾಕು. ಇಡ್ಲಿ-ವಡೆ ಇಳಿದ ಮೇಲೆ.

5. ಅಳತೆ

ನಾಲ್ಕು ವಾರಕ್ಕೊಮ್ಮೆ ಅದೇ ಬೆಟ್ಟ, ಅದೇ ಹೊತ್ತು. ಮೈಸೂರಿನವರಿಗೆ ಚಾಮುಂಡಿ ಆದೀತು. ಕರಾವಳಿ ಕಡೆಯವರಿಗೆ 14 ಹೇರ್‌ಪಿನ್‌ಗಳ ಆಗುಂಬೆ ಘಾಟಿ ಇದೆ, ಮಳೆಗಾಲ ಬಿಟ್ಟು. ದಾರಿಯನ್ನು ಮಧ್ಯದ ಒಂದು ಗುರುತಿನಲ್ಲಿ ಎರಡು ಮಾಡಿ, ಎರಡರ ಸಮಯವನ್ನೂ ಬರೆದಿಡಿ. ಮೊದಲ ಭಾಗ ಹಿಂದಿನ ಸಲಕ್ಕಿಂತ ಬೇಗ ಮುಗಿದು ಎರಡನೆಯದು ತಡವಾಗಿದ್ದರೆ ಶಕ್ತಿ ಬೆಳೆದಿಲ್ಲ, ಆತುರ ಹೆಚ್ಚಿದೆ. ಮೊದಲನೆಯದು ಅಷ್ಟೇ ಇದ್ದು ಎರಡನೆಯದು ಇಳಿದಿದ್ದರೆ ಅಭ್ಯಾಸ ಫಲಿಸಿದೆ. ಮುಂದಿನ ಸುತ್ತಿನಲ್ಲಿ 20 ನಿಮಿಷವನ್ನು 25ಕ್ಕೆ ಏರಿಸಿ. ಇಳಿಯುವ ಮುನ್ನ ಬ್ರೇಕ್ ಪ್ಯಾಡ್ ನೋಡಿಕೊಳ್ಳಿ.