ಮಾರುಕಟ್ಟೆ ಬಿಲ್ ಪ್ರೋಗ್ರಾಂ: ಬದಲಾವಣೆಗೆ ಜಾಗ ಬಿಡುವುದು ಹೇಗೆ?

ಬ್ಯಾಡಗಿಯ ದಲಾಲಿ ಅಂಗಡಿಯೊಂದಕ್ಕೆ ನೀವು ಜಾವಾದಲ್ಲಿ ಬಿಲ್ ಪ್ರೋಗ್ರಾಂ ಬರೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಈಗ ಮೆಣಸಿನಕಾಯಿ ಮಾತ್ರ. ಮುಂದೆ ಹತ್ತಿ, ಗೋವಿನಜೋಳವೂ ಬರುತ್ತವೆ. ಆಮೇಲೆ ನಗದು ಬೇರೆ, ಉದ್ರಿ ಬೇರೆ.

ಕೋಡ್ ಮುಟ್ಟುವ ಮೊದಲು ಹಾಳೆಯೊಂದರಲ್ಲಿ ಬರೆದುಕೊಳ್ಳಿ: ಯಾವುದು ಬದಲಾಗುತ್ತದೆ? ಅದು ಪ್ರೋಗ್ರಾಂ ಬರೆಯುವಾಗಲೇ ಗೊತ್ತೋ, ಬಿಲ್ ಹಾಕುವ ಹೊತ್ತಿಗೆ ತಿಳಿಯುವುದೋ? ಯಾವ ತಂತ್ರ ಬೇಕೆಂಬುದು ಇದರಿಂದಲೇ ತೀರ್ಮಾನವಾಗುತ್ತದೆ.

ಬದಲಾಗುವುದು ಮಾಲು ಮಾತ್ರವಾದರೆ, ಒಂದು ಕ್ಲಾಸಿನ ಗುಣಗಳನ್ನು ಇನ್ನೊಂದು ಕ್ಲಾಸ್ ಪಡೆಯುವ ಇನ್‌ಹೆರಿಟೆನ್ಸ್ ಸಾಕು. 'ಬಿಲ್' ಕ್ಲಾಸಿನಿಂದ ಮೂರು ಕ್ಲಾಸ್ ಹುಟ್ಟಿಸಿ, ಚೀಲದ ತೂಕ ಕಳೆಯುವ ಮೆಥಡ್ ಒಂದನ್ನೇ ಬದಲಿಸಿ. ಉದ್ರಿ-ನಗದು ಸೇರಿದರೆ ಮೂರು ಆರಾಗುತ್ತವೆ. ರಾಜ್ಯದೊಳಗಿನ ಮಾರಾಟ, ಹೊರರಾಜ್ಯದ ಮಾರಾಟ ಎಂದು ಮತ್ತೆ ಒಡೆದರೆ ಹನ್ನೆರಡು. ಅಲ್ಲಿಗೆ ಈ ದಾರಿ ಬಿಟ್ಟುಬಿಡಿ.

ಈಗ ಸ್ಟ್ರಾಟೆಜಿ: ಬದಲಾಗುವ ಕೆಲಸವನ್ನು ಬೇರೆ ಆಬ್ಜೆಕ್ಟಿಗೆ ಒಪ್ಪಿಸುವ ತಂತ್ರ. ತೂಕ, ಪಾವತಿ, ತೆರಿಗೆ ಮೂರಕ್ಕೂ, ಯಾವ ಮೆಥಡ್ ಇರಬೇಕೆಂದಷ್ಟೇ ಹೇಳುವ ಒಂದೊಂದು ಇಂಟರ್‌ಫೇಸ್ ಮಾಡಿ, ಬೇಕಾದ ಆಬ್ಜೆಕ್ಟನ್ನು ಬಿಲ್ಲಿಗೆ ಕೊಡಿ. ಹನ್ನೆರಡರ ಕೆಲಸ ಏಳು (ತೂಕಕ್ಕೆ ಮೂರು, ಪಾವತಿಗೆ ಎರಡು, ತೆರಿಗೆಗೆ ಎರಡು) ಸಣ್ಣ ಕ್ಲಾಸ್‌ಗಳಲ್ಲಿ ಮುಗಿಯುತ್ತದೆ. ಗಿರಾಕಿ ಕೊನೇ ಗಳಿಗೆಯಲ್ಲಿ ಉದ್ರಿ ಎಂದರೂ ಆಬ್ಜೆಕ್ಟ್ ಬದಲಿಸಿದರಾಯಿತು. 1994ರಲ್ಲಿ ಎರಿಕ್ ಗಾಮಾ ಮತ್ತು ಮೂವರು ಸಂಗಡಿಗರು ಪಟ್ಟಿ ಮಾಡಿದ, ಮತ್ತೆ ಮತ್ತೆ ಎದುರಾಗುವ ವಿನ್ಯಾಸದ ತೊಡಕುಗಳಿಗೆ ಪರಿಹಾರವಾದ 23 ಪ್ಯಾಟರ್ನ್‌ಗಳಲ್ಲಿ ಇದೂ ಒಂದು. ನನ್ನ ಮಟ್ಟಿಗೆ ಹೆಚ್ಚು ಬಾಳಿಕೆ ಬರುವುದು ಇದೇ.

ಹಮಾಲಿ, ಕಮಿಷನ್‌ನಂಥ ಖರ್ಚುಗಳು ಒಂದರ ಮೇಲೊಂದು ಕೂಡುತ್ತವೆ. ಇವಕ್ಕೆ ಡೆಕೊರೇಟರ್ ಹೊಂದುತ್ತದೆ: ಒಂದು ಆಬ್ಜೆಕ್ಟ್ ಇನ್ನೊಂದನ್ನು ಒಳಗಿಟ್ಟುಕೊಂಡು, ಅದರ ಮೊತ್ತಕ್ಕೆ ತನ್ನದನ್ನು ಸೇರಿಸಿ ಕೊಡುತ್ತದೆ. ಇಲ್ಲಿ ಸುತ್ತುವ ಕ್ರಮದ ಮೇಲೆ ಕಣ್ಣಿಡಲೇಬೇಕು. ಮಾಲು 10,000 ರೂಪಾಯಿ, ಕಮಿಷನ್ ಶೇ 2, ಹಮಾಲಿ 100 ಎನ್ನೋಣ. ಕಮಿಷನ್ ಮೊದಲು ಸೇರಿದರೆ 10,300. ಹಮಾಲಿ ಮೊದಲಾದರೆ 10,302. ಎರಡೇ ರೂಪಾಯಿ, ಆದರೆ ದಿನದ ಖಾತೆ ಕೂಡಿ ಬರುವುದಿಲ್ಲ. ಈ ಕ್ರಮಕ್ಕೆ ಟೆಸ್ಟ್ ಬರೆಯದೆ ಪ್ರೋಗ್ರಾಂ ಅಂಗಡಿಗೆ ಕೊಡಬೇಡಿ.

ಯಾರು ಯಾವ ಬಿಲ್ ತಿದ್ದಿದರು ಎಂಬ ದಾಖಲೆ ಎಲ್ಲ ಕ್ಲಾಸಿನಲ್ಲೂ ಬೇಕಾದರೆ ಆಸ್ಪೆಕ್ಟ್ ವಿಧಾನವಿದೆ: ಹಲವು ಕ್ಲಾಸಿಗೆ ಬೇಕಾದ ಕೆಲಸವನ್ನು ಒಂದೇ ಕಡೆ ಬರೆದು ಎಲ್ಲಕ್ಕೂ ಹೊರಗಿನಿಂದ ಸೇರಿಸುವುದು. ಮೂಲ ಕೋಡ್ ಮುಟ್ಟದೆ ಕೆಲಸವಾಗುತ್ತದೆ ನಿಜ. ಆದರೆ ಓದುವವರ ಕಣ್ಣಿಗೆ ಬೀಳದ ಕೋಡ್ ಎಲ್ಲಿಂದಲೋ ಓಡುತ್ತಿರುತ್ತದೆ. ಒಂದಿಬ್ಬರೇ ನೋಡಿಕೊಳ್ಳುವ ಪ್ರೋಗ್ರಾಮಿಗೆ ಇದು ಬೇಡ.

ಎಲೆಕ್ಟ್ರಾನಿಕ್ ಕಾಟಾ ಗ್ರಾಂನಲ್ಲಿ ತೂಕ ಕಳಿಸಿ, ನಿಮ್ಮ ಬಿಲ್ ಕ್ವಿಂಟಲ್ ಕೇಳಿದರೆ ನಡುವೆ ಒಂದರ ರೂಪವನ್ನು ಇನ್ನೊಂದಕ್ಕೆ ಹೊಂದಿಸುವ ಅಡಾಪ್ಟರ್ ಕ್ಲಾಸ್ ಒಂದನ್ನು ಇಡಿ. ನಾಳೆ ಕಾಟಾ ಬದಲಾದರೂ ತಿದ್ದಬೇಕಾದದ್ದು ಆ ಒಂದೇ ಕ್ಲಾಸ್.