ಜಿಪಿ ಕಳಿಸಿದ ಆ ಮೆಸೇಜ್ ಅಳಿಸುವ ಮುಂಚೆ

ಇಂಗ್ಲೆಂಡಿಗೆ ಬಂದು ಜಿಪಿ (ನಮ್ಮ ಏರಿಯಾದ ಫ್ಯಾಮಿಲಿ ಡಾಕ್ಟರ್) ಹತ್ತಿರ ಹೆಸರು ಬರೆಸಿದ ಮೇಲೆ, ಇವತ್ತಲ್ಲ ನಾಳೆ ಫೋನಿಗೊಂದು ಮೆಸೇಜ್ ಬರಬಹುದು: ಇಂಥ ಸಂಶೋಧನೆಯಲ್ಲಿ ಭಾಗವಹಿಸಲು ಇಷ್ಟವಿದೆಯೇ? ಮೊದಲ ಸಲ ಬಂದಾಗ ಯಾರೋ ಟೋಪಿ ಹಾಕುವವರು ಅಂದುಕೊಂಡು ನಾನು ಅಳಿಸಿದ್ದೆ. ನಿಜವೆಂದು ತಿಳಿದ ಮೇಲೂ ‘ನಮ್ಮ ಮೇಲೆ ಪ್ರಯೋಗ ಮಾಡ್ತಾರೇನೋ’ ಎಂಬ ಅಳುಕು ಹೋಗಿರಲಿಲ್ಲ.

ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಚಿಕಿತ್ಸೆ, ಸಂಶೋಧನೆ ಎರಡೂ ಒಂದೇ ಸೂರಿನಡಿ ನಡೆಯುತ್ತವೆ. ಸಂಶೋಧನೆಗೆ ಹಣ ಕೊಡುವ ಸರ್ಕಾರಿ ವ್ಯವಸ್ಥೆ ಎನ್‌ಐಎಚ್‌ಆರ್, 2006ರಲ್ಲಿ ಶುರುವಾದದ್ದು. ಹೀಗೆ ಎರಡೂ ಒಟ್ಟಿಗಿರುವುದರ ಲಾಭ ಕೋವಿಡ್ ಕಾಲದಲ್ಲಿ ಕಣ್ಣಿಗೆ ಕಂಡಿತು. ಆಕ್ಸ್‌ಫರ್ಡಿನವರು 2020ರ ಮಾರ್ಚಿನಲ್ಲಿ ಆರಂಭಿಸಿದ, ಕೋವಿಡ್‌ಗೆ ಯಾವ ಔಷಧ ಕೆಲಸ ಮಾಡುತ್ತದೆ ಎಂದು ನೋಡುವ ‘ರಿಕವರಿ’ ಪ್ರಯೋಗಕ್ಕೆ ದೇಶದ ಆಸ್ಪತ್ರೆಗಳು ರೋಗಿಗಳನ್ನು ಸೇರಿಸಿಕೊಂಡವು. ಜೂನ್ 16ಕ್ಕೆ ಉತ್ತರ ಬಂತು: ನಮ್ಮೂರಿನ ಮೆಡಿಕಲ್ ಶಾಪಿನಲ್ಲೂ ಸಿಗುವ ಅಗ್ಗದ ಡೆಕ್ಸಾಮೆಥಾಸೋನ್, ವೆಂಟಿಲೇಟರ್ ಮೇಲಿದ್ದವರ ಸಾವನ್ನು ಸುಮಾರು ಮೂರನೇ ಒಂದು ಭಾಗ ಇಳಿಸುತ್ತದೆ. ಮಲೇರಿಯಾದ ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಉಪಯೋಗವಿಲ್ಲ ಎಂದು ತೀರ್ಮಾನವಾದದ್ದೂ ಅಲ್ಲೇ.

ಇನ್ನೊಂದು ನಮಗೆ ಹತ್ತಿರದ್ದು. ಗರ್ಭಿಣಿಯರಿಗೆ ಇಲ್ಲಿ ‘ನಿಮ್ಮ ಕುಟುಂಬದ ಮೂಲ ಯಾವುದು’ ಎಂದು ಕೇಳುವ ಫಾರ್ಮ್ ಕೊಡುತ್ತಾರೆ. ಬೇಸರ ಮಾಡಿಕೊಳ್ಳಬೇಡಿ, ಅದು ವಂಶದಲ್ಲಿ ಬರುವ ರಕ್ತದ ಕಾಯಿಲೆಗಳಾದ ಥಲಸ್ಸೇಮಿಯಾ, ಸಿಕಲ್ ಸೆಲ್ ಪತ್ತೆಗೆ. ಇವೆರಡಕ್ಕೂ ‘ಕಾಸ್‌ಗೆವಿ’ ಎಂಬ ಜೀನ್ ತಿದ್ದುವ ಚಿಕಿತ್ಸೆಗೆ ಜಗತ್ತಿನಲ್ಲೇ ಮೊದಲು ಅನುಮತಿ ಕೊಟ್ಟದ್ದು ಬ್ರಿಟನ್, 2023ರ ನವೆಂಬರಿನಲ್ಲಿ. ರೋಗಿಯದೇ ಕಾಂಡಕೋಶ (ರಕ್ತ ತಯಾರಿಸುವ ಮೂಲ ಕೋಶ) ತೆಗೆದು, ಕ್ರಿಸ್ಪರ್ ಎಂಬ ಜೀನ್ ಕತ್ತರಿಸುವ ತಂತ್ರದಿಂದ ತಿದ್ದಿ, ನಾವು ತಾಯಿಯ ಹೊಟ್ಟೆಯೊಳಗಿದ್ದಾಗ ಇರುವ ಬಗೆಯ ಹಿಮೋಗ್ಲೋಬಿನ್ ಮತ್ತೆ ತಯಾರಾಗುವಂತೆ ಮಾಡಿ ವಾಪಸ್ ಸೇರಿಸುತ್ತಾರೆ. ನಡುವೆ ಕಠಿಣ ಕೀಮೋ ಉಂಟು, ಹಗುರದ ಮಾತಲ್ಲ.

ಆದರೆ ಕೊರತೆಯೂ ಇದೆ. ಸಂಶೋಧನೆಗೆಂದು 5 ಲಕ್ಷ ಜನರ ಆರೋಗ್ಯ, ಜೀನ್ ಮಾಹಿತಿ ಕೂಡಿಟ್ಟಿರುವ ಯುಕೆ ಬಯೋಬ್ಯಾಂಕಿನಲ್ಲಿ ಬಹುಪಾಲು ಬಿಳಿಯರೇ. ಅವರ ಜೀನ್ ನೋಡಿ ಹಾಕಿದ, ರೋಗ ಬರುವ ಸಾಧ್ಯತೆಯ ಲೆಕ್ಕ ನಮಗೆ ಸರಿಯಾಗಿ ಹೊಂದುವುದಿಲ್ಲ. ಸಕ್ಕರೆ ಕಾಯಿಲೆ ತೆಳ್ಳಗಿರುವಾಗಲೇ ಹಿಡಿಯುವ ಜನ ನಾವು; ಲೆಕ್ಕದಲ್ಲಿ ನಾವೇ ಇಲ್ಲದಿದ್ದರೆ ಹೇಗೆ?

ಒಪ್ಪಿದರೆ ಏನಾಗುತ್ತದೆ? ಮೊದಲು ಮಾಹಿತಿ ಪತ್ರ. ಉದ್ದವಿರುತ್ತದೆ, ಆದರೂ ಪೂರ್ತಿ ಓದಿ. ಸ್ವತಂತ್ರ ನೈತಿಕ ಸಮಿತಿ ನೋಡಿ ಒಪ್ಪಿದ ಮೇಲೆಯೇ ಅದು ನಿಮ್ಮ ಕೈಗೆ ಬರುತ್ತದೆ. ಆಮೇಲೆ ರಿಸರ್ಚ್ ನರ್ಸ್ ಜೊತೆ ಮಾತು, ನಂತರ ಸಹಿ. ಹಲವು ಪ್ರಯೋಗಗಳಲ್ಲಿ ಯಾರಿಗೆ ಹೊಸ ಔಷಧ, ಯಾರಿಗೆ ಹಳೆಯದು ಎಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ, ಡಾಕ್ಟರಿಗೂ ಆಯ್ಕೆಯಿಲ್ಲ. ಯಾವಾಗ ಬೇಕಾದರೂ, ಕಾರಣ ಹೇಳದೆ, ಹೊರಬರಬಹುದು. ನಿಮ್ಮ ಮಾಮೂಲಿ ಚಿಕಿತ್ಸೆಗೆ ಧಕ್ಕೆಯಾಗುವುದಿಲ್ಲ. ಓಡಾಟದ ಖರ್ಚು ಕೊಡುತ್ತಾರಾ ಎಂದು ಸಂಕೋಚವಿಲ್ಲದೆ ಕೇಳಿ.

ನಮ್ಮವರು ಹೆಚ್ಚು ಹೆದರುವುದು ಲೈಫ್ ಇನ್ಶೂರೆನ್ಸಿಗೆ. ಸಂಶೋಧನೆಗೆಂದೇ ಮಾಡಿದ, ಮುಂದೆ ಬರಬಹುದಾದ ಕಾಯಿಲೆ ಸೂಚಿಸುವ ಜೀನ್ ಪರೀಕ್ಷೆಯ ಫಲಿತಾಂಶವನ್ನು ಕಂಪನಿಗೆ ತಿಳಿಸಬೇಕಿಲ್ಲ. ಸರ್ಕಾರ ಮತ್ತು ವಿಮಾ ಕಂಪನಿಗಳ ಸಂಘದ ನಡುವಿನ ಒಪ್ಪಂದದಲ್ಲೇ ಇದು ಇದೆ. ಜೊತೆಗಿರುವ ಅಪ್ಪ ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬರದಿದ್ದರೆ ದುಭಾಷಿ ಬೇಕೆಂದು ಮುಂಚೆಯೇ ಹೇಳಿಡಿ. ಮನೆಯವರೇ ಅನುವಾದಿಸಿದರೆ, ಸಹಿಯ ವಿಷಯದಲ್ಲಿ ಮಗ, ಸೊಸೆ ಪೂರ್ತಿ ವಿವರಿಸದೆ ‘ಪರವಾಗಿಲ್ಲ ಹಾಕಮ್ಮ’ ಅಂದುಬಿಡುತ್ತಾರೆ.