ಜೇಬಿಗೆ ಹಗುರವಾದ ರಿವಾಲ್ವರ್ ಕೈಗೂ ಹಗುರವೇ?

ಮರೆಯಾಗಿ ಇಟ್ಟುಕೊಳ್ಳಲು ಚಿಕ್ಕ ರಿವಾಲ್ವರ್ ಬೇಕು ಅಂದರೆ ಅಂಗಡಿಯವರು ಮೊದಲು ತೂಕದ ಮಾತು ತೆಗೆಯುತ್ತಾರೆ. ಜೇಬಿನಲ್ಲಿ ಇರೋದೇ ಗೊತ್ತಾಗಲ್ಲ ಅನ್ನುತ್ತಾರೆ. ನಿಜ, ಗೊತ್ತಾಗುವುದಿಲ್ಲ. ಹಾರಿಸಿದಾಗ ಚೆನ್ನಾಗಿಯೇ ಗೊತ್ತಾಗುತ್ತದೆ!

ನಾನಿರುವ ಅಮೆರಿಕದಲ್ಲಿ ಇದರ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಪರ್ಮಿಟ್ ಕೈಗೆ ಬಂದ ಮೇಲೆಯೇ ಹುಡುಕಾಟ ಶುರು ಮಾಡಿದೆ. ಗನ್ ಬಾಡಿಗೆಗೆ ಕೊಡುವ ಶೂಟಿಂಗ್ ರೇಂಜ್‌ನಲ್ಲಿ ಒಂದೊಂದನ್ನೂ ಹಾರಿಸಿ ನೋಡಿದೆ.

ತೀರಾ ಹಗುರವಾದದ್ದು ಸ್ಮಿತ್ ಅಂಡ್ ವೆಸನ್ 340 ಪಿಡಿ. ಸುಮಾರು 330 ಗ್ರಾಂ. .357 ಮ್ಯಾಗ್ನಮ್ ಗುಂಡನ್ನೂ ಹಾಕಬಹುದು. ಆದರೆ ಆ ಗುಂಡು ಹಾರಿಸಿದರೆ ಅಂಗೈಗೆ ಬೆತ್ತದಿಂದ ಬಾರಿಸಿದ ಹಾಗೆ. ನೋವಾದರೆ ಅಭ್ಯಾಸ ತಪ್ಪುತ್ತದೆ, ಅಲ್ವಾ? ಇನ್ನೊಂದು ತೊಂದರೆಯೂ ಇದೆ. ಇಷ್ಟು ಹಗುರವಾದ ಗನ್ ಜೋರಾಗಿ ಹಿಂದಕ್ಕೆ ಒದ್ದಾಗ, ಸಿಲಿಂಡರ್‌ನಲ್ಲಿ (ಗುಂಡು ತುಂಬುವ, ತಿರುಗುವ ಭಾಗ) ಉಳಿದ ಗುಂಡುಗಳ ಸೀಸ, ಅಂದರೆ ಹಾರಿಹೋಗುವ ತುದಿ, ಕೇಸ್ ಅನ್ನುವ ಲೋಹದ ಕೋಶದಿಂದ ಮುಂದಕ್ಕೆ ಜಾರಬಹುದು. ಜಾಸ್ತಿ ಜಾರಿದರೆ ಸಿಲಿಂಡರ್ ತಿರುಗುವುದೇ ನಿಂತುಹೋಗುತ್ತದೆ.

ರುಗರ್ ಎಸ್‌ಪಿ 101 ಇದಕ್ಕೆ ಪೂರ್ತಿ ಉಲ್ಟಾ. ಪೂರಾ ಸ್ಟೀಲ್, 700 ಗ್ರಾಂ ದಾಟುತ್ತದೆ. ಹಾರಿಸಲು ಬಲು ಹಿತ. ಬೆಲ್ಟಿಗೆ ಹಾಕುವವರು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ನನಗೆ ಬೇಕಿದ್ದದ್ದು ಪ್ಯಾಂಟಿನ ಮುಂದಿನ ಜೇಬಿಗೆ.

ಹಾಗಾಗಿ ಕೊನೆಗೆ ಉಳಿದದ್ದು ಎರಡು: ಅಲ್ಯೂಮಿನಿಯಂ ಫ್ರೇಮಿನ ಸ್ಮಿತ್ ಅಂಡ್ ವೆಸನ್ 642, ಮತ್ತು 2009ರಲ್ಲಿ ಬಂದ ರುಗರ್ ಎಲ್‌ಸಿಆರ್. ಎರಡೂ 400 ಗ್ರಾಂ ಆಸುಪಾಸು. ಎರಡಕ್ಕೂ .38 ಸ್ಪೆಷಲ್ ಗುಂಡು, ಎರಡರಲ್ಲೂ ಐದೈದು. ಎರಡರಲ್ಲೂ ಹ್ಯಾಮರ್, ಅಂದರೆ ಗುಂಡು ಸಿಡಿಸಲು ಹೊಡೆಯುವ ಸುತ್ತಿಗೆ, ಹೊರಗೆ ಕಾಣುವುದಿಲ್ಲ. ಇದು ಮುಖ್ಯ. ಹೊರಗೆ ಚಾಚಿದ ಹ್ಯಾಮರ್ ಜೇಬಿನಿಂದ ಎಳೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ.

ಹ್ಯಾಮರ್ ಒಳಗಿದ್ದರೆ ಅದನ್ನು ಮೊದಲೇ ಹಿಂದಕ್ಕೆ ಎಳೆದಿಟ್ಟುಕೊಂಡು ಹಾರಿಸಲು ಆಗುವುದಿಲ್ಲ. ಪ್ರತಿ ಗುಂಡಿಗೂ ಟ್ರಿಗರ್ ಅನ್ನು ಪೂರ್ತಿ ಉದ್ದಕ್ಕೆ ಎಳೆಯಬೇಕು. ಈ ಜಾತಿಯ ಗನ್‌ಗಳಲ್ಲಿ ಅದಕ್ಕೆ ಐದು ಕೆಜಿ ಹತ್ತಿರದ ಬಲ ಬೇಕು. ಅರ್ಧ ಕೆಜಿಯೂ ಇಲ್ಲದ ವಸ್ತುವನ್ನು ಅಷ್ಟು ಬಲದಿಂದ ಎಳೆದರೆ ಬ್ಯಾರೆಲ್ ಅಲುಗದೆ ಇರುತ್ತಾ? ಗುರಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಬ್ಯಾರೆಲ್ ಗಿಡ್ಡ ಅಂತ ಸುಮ್ನೆ ಅದನ್ನು ಬೈಯುತ್ತಾರೆ.

ನನ್ನ ಬೆರಳಿಗೆ ಎಲ್‌ಸಿಆರ್ ಟ್ರಿಗರ್ ನಯವಾಗಿ ಬಂತು. ಎಲ್ಲೂ ತಡೆದ ಹಾಗೆ ಅನ್ನಿಸಲಿಲ್ಲ. ಅದರ ಮೆತ್ತನೆ ರಬ್ಬರ್ ಹಿಡಿ ಒದೆತವನ್ನೂ ಸ್ವಲ್ಪ ನುಂಗುತ್ತದೆ. ಅದನ್ನೇ ತೆಗೆದುಕೊಂಡೆ. 642ಕ್ಕೆ ಹೋಲ್‌ಸ್ಟರ್ (ಗನ್ ಇಡುವ ಚೀಲ), ಹಿಡಿಗಳ ಆಯ್ಕೆ ಜಾಸ್ತಿ. ಅದನ್ನು ಆರಿಸಿದವರನ್ನು ನಾನು ತಪ್ಪು ಅನ್ನಲಾರೆ.

ಜೇಬಿಗೆ ಹಾಕುವವರು ಹೋಲ್‌ಸ್ಟರ್ ಬೇಡ ಅನ್ನಲೇಬಾರದು. ಟ್ರಿಗರ್ ಪೂರ್ತಿ ಮುಚ್ಚಿರಬೇಕು. ಆ ಜೇಬಿನಲ್ಲಿ ಕೀಲಿ, ಚಿಲ್ಲರೆ, ಪೆನ್ನು ಏನೂ ಇರಬಾರದು. ಹೆಚ್ಚುವರಿ ಗುಂಡುಗಳನ್ನು ನಾನು ಸ್ಪೀಡ್ ಸ್ಟ್ರಿಪ್‌ನಲ್ಲಿ, ಅಂದರೆ ಗುಂಡುಗಳನ್ನು ಸಾಲಾಗಿ ಹಿಡಿದಿಡುವ ಪಟ್ಟಿಯಲ್ಲಿ, ಇಡುತ್ತೇನೆ. ಚಪ್ಪಟೆಯಾಗಿರುವುದರಿಂದ ಉಬ್ಬು ಕಾಣುವುದಿಲ್ಲ. ಗಿಡ್ಡ ಬ್ಯಾರೆಲ್ ಅಂದರೆ ಖಾಲಿ ಕೇಸ್ ತಳ್ಳುವ ಕಡ್ಡಿಯೂ ಗಿಡ್ಡ. ಮೆಲ್ಲಗೆ ಒತ್ತಿದರೆ ಕೇಸ್ ಅರ್ಧಕ್ಕೇ ನಿಲ್ಲುತ್ತದೆ. ಬ್ಯಾರೆಲ್ ಮೇಲ್ಮುಖ ಮಾಡಿ ಕಡ್ಡಿಗೆ ಒಂದು ಪೆಟ್ಟು ಕೊಟ್ಟರೆ ಉದುರುತ್ತವೆ.

ಅಭ್ಯಾಸದ ಬಹುಪಾಲು ಮನೆಯಲ್ಲೇ, ಸ್ನ್ಯಾಪ್ ಕ್ಯಾಪ್ ಅನ್ನುವ ನಕಲಿ ಗುಂಡು ಹಾಕಿ. ಶುರು ಮಾಡುವ ಮುಂಚೆ ಸಿಲಿಂಡರ್ ಎರಡು ಸಲ ನೋಡುತ್ತೇನೆ. ನಿಜವಾದ ಗುಂಡು ಆ ಕೋಣೆಯಲ್ಲೇ ಇರಬಾರದು. ರೇಂಜ್‌ಗೆ ಹೋದರೆ 148 ಗ್ರೇನ್ (ಸೀಸದ ತೂಕದ ಅಳತೆ) ವಾಡ್‌ಕಟರ್ ಅನ್ನುವ ಚಪ್ಪಟೆ ಮೂತಿಯ ಗುಂಡು. ಒದೆತ ಕಡಿಮೆ, ಕೈ ಬೇಗ ಸೋಲುವುದಿಲ್ಲ. ಆದರೆ ದಿನಾ ಜೇಬಿನಲ್ಲಿಡುವ ಗುಂಡನ್ನೂ ಒಂದಷ್ಟು ಹಾರಿಸಿಯೇ ನೋಡಬೇಕು. ಈ ಗನ್‌ಗಳಲ್ಲಿ ಗುರಿ ನೋಡುವ ಸೈಟ್ ತಿದ್ದಲು ಬರುವಂಥದ್ದಲ್ಲ. ಸೀಸದ ತೂಕ ಬದಲಾದರೆ ಗುಂಡು ತಗಲುವ ಎತ್ತರವೂ ಬದಲಾಗುತ್ತದೆ. ಭಾರದ್ದು ಸಾಮಾನ್ಯವಾಗಿ ಮೇಲೆ, ಹಗುರದ್ದು ಕೆಳಗೆ.